ಬಿಎಸ್ಸಿ ಕೊನೆ ವರ್ಷದ ಜೀವಶಾಸ್ತ್ರದಲ್ಲಿ ಏನಿದೆ? ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಅದು ಯಾಕೆ ಬೇಕು?

ಸಾಗರ/ಹೊಸನಗರ/ತೀರ್ಥಹಳ್ಳಿ: "ಬಿಎಸ್ಸಿ ಮಾಡಿ ಏನ್ ಮಾಡ್ತೀಯಾ?" ಪಿಯುಸಿಯಲ್ಲಿ ವಿಜ್ಞಾನ ಓದಿ, ನೀಟ್‌ನಲ್ಲಿ ಸೀಟು ಸಿಗದೆ ಊರ ಹತ್ತಿರದ ಕಾಲೇಜಿಗೆ ಸೇರಿದ ಮಕ್ಕಳು ಮನೆಯಲ್ಲೂ, ಬಸ್ ಸ್ಟ್ಯಾಂಡಲ್ಲೂ, ಮದುವೆ ಮನೆಯಲ್ಲೂ ಕೇಳಿಸಿಕೊಳ್ಳೋ ಪ್ರಶ್ನೆ ಇದು. ಎರಡು ವರ್ಷ ಹೇಗೋ ಕಳೆಯುತ್ತೆ. ಮೂರನೇ ವರ್ಷ ಬಂದಾಗ ಪಠ್ಯ ಇದ್ದಕ್ಕಿದ್ದಂತೆ ಕಷ್ಟ ಅನಿಸುತ್ತೆ. ಅಣು ಜೀವಶಾಸ್ತ್ರ, ತಳಿಶಾಸ್ತ್ರ, ರೋಗ ನಿರೋಧಕ ಶಾಸ್ತ್ರ, ಜೈವಿಕ ತಂತ್ರಜ್ಞಾನ, ಪರಿಸರ ವಿಜ್ಞಾನ. ಹೆಸರು ಕೇಳಿದರೆ ನಮಗೂ ಇದಕ್ಕೂ ಏನು ಸಂಬಂಧ ಅನ್ನಿಸೋದು ಸಹಜ.

ಆದರೆ ಈ ಮೂರು ತಾಲೂಕಿನಲ್ಲಿ ಕಾಡು, ತೋಟ, ಆಸ್ಪತ್ರೆ ಮೂರೂ ಕಡೆ ಜನ ಕೇಳ್ತಿರೋ ಪ್ರಶ್ನೆಗಳಿಗೆ ಉತ್ತರ ಇರೋದು ಇದೇ ಪತ್ರಿಕೆಗಳಲ್ಲಿ. ಹೇಗೆ ಅನ್ನೋದನ್ನ ನಾಲ್ಕು ಉದಾಹರಣೆಗಳೊಂದಿಗೆ ನೋಡೋಣ.

ಮೊದಲು, ಪದವಿ ಈಗ ಎಷ್ಟು ವರ್ಷ?

ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳು ಬರೋದು 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ. ಸಾಗರದ ಎಲ್‌ಬಿ ಕಾಲೇಜಿರಲಿ, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ ಇರಲಿ, ಹೊಸನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿರಲಿ, ಪಠ್ಯಕ್ರಮ ಬರೋದು ಶಂಕರಘಟ್ಟದ ಜ್ಞಾನಸಹ್ಯಾದ್ರಿಯಿಂದಲೇ.

2021-22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. ನಾಲ್ಕನೇ ವರ್ಷದಲ್ಲಿ ಸಂಶೋಧನೆಗೆ ಹೆಚ್ಚು ಜಾಗ ಅನ್ನೋ ಲೆಕ್ಕಾಚಾರ ಅದು. ಆಮೇಲೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ, 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. 2024-25ರಲ್ಲಿ ಸೇರಿದವರಿಗೆ ಇದು ಅನ್ವಯ. ಅವರು 5 ಮತ್ತು 6ನೇ ಸೆಮಿಸ್ಟರ್ ಓದೋದು 2026-27ರಲ್ಲಿ.

ಅಂದ್ರೆ ಹೊಸ ಬ್ಯಾಚಿನವರಿಗೆ ಕೊನೇ ಅವಕಾಶ ಮೂರನೇ ವರ್ಷವೇ. ಬ್ಯಾಚಿನಿಂದ ಬ್ಯಾಚಿಗೆ ಪತ್ರಿಕೆಗಳ ಹೆಸರು, ಸೆಮಿಸ್ಟರ್ ಹಿಂದೆ ಮುಂದೆ ಆಗಿರಬಹುದು. ಒಳಗಿರೋ ವಿಷಯ ಹೆಚ್ಚುಕಡಿಮೆ ಅದೇ.

1. ಮಂಗನ ಕಾಯಿಲೆ: ಒಂದೇ ಜ್ವರಕ್ಕೆ ಎರಡು ಟೆಸ್ಟ್ ಯಾಕೆ?

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ವೈರಸ್ ಇದು. ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಮಾಡಿದ ಅನಾಹುತ ಯಾರೂ ಮರೆತಿಲ್ಲ.

ಆಸ್ಪತ್ರೆಯಲ್ಲಿ ಕೇಳಿಬರೋ ಮಾತು: "ಒಂದ್ಸಲ ರಕ್ತ ತಗೊಂಡ್ರಲ್ಲ, ನೆಗೆಟಿವ್ ಅಂದ್ರಲ್ಲ, ಮತ್ಯಾಕೆ ತಗೋತಾರೆ?"

ಉತ್ತರ ಇರೋದು ಅಣು ಜೀವಶಾಸ್ತ್ರ ಮತ್ತು ರೋಗ ನಿರೋಧಕ ಶಾಸ್ತ್ರದ ಪಾಠದಲ್ಲಿ. ಆರ್‌ಟಿ-ಪಿಸಿಆರ್ ಟೆಸ್ಟ್ ಹುಡುಕೋದು ವೈರಸ್ಸನ್ನೇ. ಈ ವೈರಸ್ಸಿನ ವಂಶವಾಹಿ ವಸ್ತು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ಆಗಿ ಪರಿವರ್ತಿಸಿ, ಅದರ ಒಂದು ತುಂಡನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ಹೆಚ್ಚಿಸ್ತಾ ಹೋಗ್ತಾರೆ. ಪ್ರತಿ ಸುತ್ತಿನಲ್ಲೂ ಸರಿಯಾಗಿ ದುಪ್ಪಟ್ಟಾದರೆ 30 ಸುತ್ತಿಗೆ ಒಂದು ಪ್ರತಿ 100 ಕೋಟಿ ದಾಟುತ್ತೆ. ಅದಕ್ಕೇ ರಕ್ತದಲ್ಲಿ ವೈರಸ್ ಕಡಿಮೆ ಇದ್ದರೂ ಸಿಕ್ಕಿಬೀಳುತ್ತೆ. ಆದರೆ ವೈರಸ್ ರಕ್ತದಲ್ಲಿ ಇರೋದು ಜ್ವರದ ಆರಂಭದ ದಿನಗಳಲ್ಲಿ.

ಎಲೈಸಾ ಟೆಸ್ಟ್ ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನ. ಅದು ತಯಾರಾಗೋಕೆ ಕೆಲ ದಿನ ಬೇಕು. ಬೇಗ ಮಾಡಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಹಾಗಾಗಿ ಯಾವ ದಿನ ಯಾವ ಟೆಸ್ಟ್ ಅನ್ನೋದು ಮುಖ್ಯ. ಜ್ವರ ಯಾವತ್ತು ಶುರುವಾಯ್ತು ಅಂತ ಡಾಕ್ಟರ್ ಮತ್ತೆ ಮತ್ತೆ ಕೇಳೋದು ಇದಕ್ಕೇ. ಆ ತಾರೀಕು ಸರಿಯಾಗಿ ಹೇಳಿ.

ಹಳೇ ಲಸಿಕೆಯ ಕಥೆಯೂ ಇದೇ ಪಾಠಕ್ಕೆ ಸೇರಿದ್ದು. 2005ರಿಂದ 2010ರ ಅವಧಿಯ ಅಂಕಿಅಂಶ ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಸುಮಾರು 62%, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು 83% ಎಂದು ಕಂಡುಬಂದಿತ್ತು. ಅಂದ್ರೆ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬರೋ ಸಾಧ್ಯತೆ ಇತ್ತು, ಆದರೆ ಹಾಕಿಸಿಕೊಳ್ಳದವರಿಗಿಂತ ಕಡಿಮೆ. "ಲಸಿಕೆ ಹಾಕ್ಸಿದ್ರೂ ಬಂತು, ಹಾಗಾಗಿ ವೇಸ್ಟ್" ಅನ್ನೋ ಮಾತಿಗೂ ಶೇಕಡಾವಾರು ಲೆಕ್ಕಕ್ಕೂ ಇರೋ ವ್ಯತ್ಯಾಸ ಬಿಡಿಸಿ ಹೇಳೋಕೆ ಊರಲ್ಲಿ ಒಬ್ಬರಾದರೂ ಬೇಕು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ.

ಇನ್ನು ಪರಿಸರ ವಿಜ್ಞಾನದ ಪಾಠ. ಕಾಯಿಲೆ ಹರಡೋದು ಉಣುಗಿನಿಂದ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕೆಳಗಿಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಆ ಜಾಗ ಅಪಾಯದ ಜಾಗ ಆಗುತ್ತೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡೋದಿಲ್ಲ. ಹಾಗಾಗಿ ರೋಗಿಯ ಮನೆಯಿಂದ ದೂರ ಇರೋದಲ್ಲ, ಸತ್ತ ಮಂಗದ ಜಾಗದಿಂದ ದೂರ ಇದ್ದು ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸೋದು ಬುದ್ಧಿವಂತಿಕೆ.

2. ಅಡಿಕೆ ತೋಟ: ಕೊಳೆಗೆ ಒಂದು ಔಷಧಿ, ಎಲೆಚುಕ್ಕಿಗೆ ಇನ್ನೊಂದು ಯಾಕೆ?

ಮಳೆಗಾಲದಲ್ಲಿ ಕೊಳೆ, ಅದರ ಜತೆಗೆ ಈಗ ಎಲೆಚುಕ್ಕಿ. ಎರಡನ್ನೂ ನಾವು ಶಿಲೀಂಧ್ರ ಅಂತಲೇ ಕರೀತೀವಿ. ಜೀವಶಾಸ್ತ್ರ ಹಾಗೆ ಹೇಳಲ್ಲ.

ಎಲೆಚುಕ್ಕಿ ತರೋ ಕೊಲೆಟೋಟ್ರೈಕಮ್ ಮೊದಲಾದವು ನಿಜವಾದ ಶಿಲೀಂಧ್ರಗಳು. ಅವುಗಳ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ಇರುತ್ತೆ. ಪ್ರೊಪಿಕೊನಜೋಲ್ ಗುಂಪಿನ ಔಷಧಿಗಳು ಈ ವಸ್ತು ತಯಾರಾಗದಂತೆ ತಡೆಯುತ್ತವೆ. ಪೊರೆ ಹಾಳಾಗಿ ಶಿಲೀಂಧ್ರ ಬೆಳೆಯೋದು ನಿಲ್ಲುತ್ತೆ.

ಕೊಳೆ ತರೋದು ಫೈಟೋಫ್ತೋರಾ. ನೋಡೋಕೆ ಶಿಲೀಂಧ್ರದ ಹಾಗೇ ಇದ್ದರೂ ಇದು ಬೇರೆ ಗುಂಪಿನದು. ಜೀವವಿಕಾಸದ ಲೆಕ್ಕದಲ್ಲಿ ಕಂದು ಪಾಚಿಯ ಕಡೆಯ ನೆಂಟ. ಇದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇರುತ್ತೆ, ಎರ್ಗೋಸ್ಟೆರಾಲ್ ಅನ್ನು ಇದು ತಯಾರಿಸೋದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿದ ಹಾಗೆ, ಎಲೆಚುಕ್ಕಿಯ ಆ ಔಷಧಿ ಕೊಳೆ ಮೇಲೆ ಕೆಲಸ ಮಾಡಲ್ಲ. ಕೊಳೆಗೆ ಬೋರ್ಡೋ ದ್ರಾವಣವೇ ಇವತ್ತಿಗೂ ಮುಖ್ಯ ಆಗಿರೋದು ತಾಮ್ರ ಬೇರೆ ದಾರಿಯಲ್ಲಿ, ಒಂದಲ್ಲ ಹಲವು ಕಡೆ ಪೆಟ್ಟು ಕೊಡೋದರಿಂದ. ಅದೂ ರೋಗ ಬರೋಕೆ ಮುಂಚೆ ಕೊನೆಗೆ ಸರಿಯಾಗಿ ಹಿಡಿದರೆ ಮಾತ್ರ. ಹಳೇ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯ ಬಗ್ಗೆ ವರದಿ ಬರೆದದ್ದು 1910ರಲ್ಲಿ. ಮಲೆನಾಡಿನ ತೋಟಕ್ಕೆ ಬೋರ್ಡೋ ಬಂದದ್ದು ಆ ಕಾಲದ ಕೆಲಸದಿಂದಲೇ.

ತೋಟದ ಮಾಲೀಕರಿಗೆ ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ರೋಗ ಯಾವುದು ಅಂತ ಗೊತ್ತಿಲ್ಲದೆ ಅಂಗಡಿಯವರು ಕೊಟ್ಟದ್ದನ್ನ ಹೊಡೆದರೆ ಔಷಧಿ, ಕೂಲಿ, ಕೊನೆಗೆ ಫಸಲು ಮೂರೂ ಹೋಗುತ್ತೆ. ಪ್ರಮಾಣ, ಸಮಯದ ಬಗ್ಗೆ ತೋಟಗಾರಿಕೆ ಇಲಾಖೆ ಅಥವಾ ತೀರ್ಥಹಳ್ಳಿ ಸೀಬಿನಕೆರೆಯ ಸಂಶೋಧನಾ ಕೇಂದ್ರದವರನ್ನು ಕೇಳಿಯೇ ಮುಂದುವರಿಯಿರಿ.

3. ಅಪ್ಪೆಮಿಡಿ: ಓಟೆ ನೆಟ್ಟರೆ ಅದೇ ಮಿಡಿ ಬರುತ್ತಾ?

ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆ ಹೊಳೆ ದಂಡೆಯ ಒಂದೊಂದು ಅಪ್ಪೆ ಮರಕ್ಕೂ ಅದರದ್ದೇ ಪರಿಮಳ, ಅದರದ್ದೇ ಹೆಸರು. ಓಟೆ ತಂದು ನೆಟ್ಟು ವರ್ಷಗಟ್ಟಲೆ ಕಾದ ಮೇಲೆ "ಇದು ಅದಲ್ಲ" ಅಂತ ಗೊತ್ತಾಗಿ ಬೇಸರ ಪಟ್ಟವರು ಸಾಕಷ್ಟಿದ್ದಾರೆ.

ತಳಿಶಾಸ್ತ್ರದ ಮೊದಲ ಪಾಠವೇ ಇದು. ಮಾವಿನಲ್ಲಿ ಪರಕೀಯ ಪರಾಗಸ್ಪರ್ಶ ಸಾಮಾನ್ಯ. ತಾಯಿ ಮರ ಗೊತ್ತು, ತಂದೆ ಯಾವುದೋ ಗೊತ್ತಿಲ್ಲ. ಓಟೆಯೊಳಗೆ ಎರಡರ ಗುಣವೂ ಬೆರೆತಿರುತ್ತೆ. ಹಾಗಾಗಿ ಓಟೆಯಿಂದ ಹುಟ್ಟಿದ ಗಿಡ ತಾಯಿಯಂತೆಯೇ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಕಸಿ ಕಟ್ಟಿದರೆ ಮೇಲಿನ ಟೊಂಗೆ ತಾಯಿ ಮರದ್ದೇ ಭಾಗ, ಗುಣವೂ ಅದೇ. ಒಳ್ಳೇ ಮರ ಬಿದ್ದುಹೋಗೋಕೆ ಮುಂಚೆ ಕಸಿ ಮಾಡಿ ಅಂತ ತಿಳಿದವರು ಹೇಳೋದು ಅದಕ್ಕೆ. ಮರ ಹೋದರೆ ಆ ತಳಿಯೂ ಹೋಯ್ತು.

4. ಆಗುಂಬೆಯ ಕಾಳಿಂಗ: ಹೊಸ ಹೆಸರು ಯಾಕೆ?

ಕಾಳಿಂಗ ಸರ್ಪವನ್ನು ವಿಜ್ಞಾನ ಮೊದಲು ಹೆಸರಿಸಿದ್ದು 1836ರಲ್ಲಿ. ಭಾರತದಿಂದ ಇಂಡೋನೇಷ್ಯಾವರೆಗೂ ಇರೋದು ಒಂದೇ ಪ್ರಭೇದ ಅನ್ನೋದು ಬಹುಕಾಲದ ನಂಬಿಕೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಗಳಿಂದ ಕೆಲಸ ಮಾಡ್ತಿರೋ ಪಿ. ಗೌರಿಶಂಕರ್ ಮತ್ತು ಜೊತೆಗಾರರು ಡಿಎನ್‌ಎ ಹೋಲಿಸಿ, ಮೈಮೇಲಿನ ಪಟ್ಟಿ, ಹುರುಪೆಗಳನ್ನು ಅಳೆದು, ಅದು ಒಂದಲ್ಲ ನಾಲ್ಕು ಪ್ರಭೇದ ಅಂತ 2024ರಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ಹಾವಿಗೆ ಸಿಕ್ಕ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಭಾಷೆಯ ಹೆಸರೇ ವಿಜ್ಞಾನದ ಹೆಸರಾಯ್ತು.

ವರ್ಗೀಕರಣ ಅಂದ್ರೆ ಬರೀ ಲ್ಯಾಟಿನ್ ಹೆಸರು ಬಾಯಿಪಾಠ ಅಂದುಕೊಂಡವರು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಸಿಗೋ ವಿಷ ನಿರೋಧಕ ಔಷಧಿ ತಯಾರಾಗಿರೋದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗಕ್ಕಲ್ಲ. ಯಾವ ಹಾವಿನ ವಿಷಕ್ಕೆ ಔಷಧಿ ಬೇಕು ಅಂತ ತಿಳಿಯೋಕೆ, ಅದು ಯಾವ ಹಾವು ಅಂತ ಮೊದಲು ತಿಳಿಯಬೇಕು.

ಕಾಲೇಜಿನಲ್ಲಿ ಏನು ಕೇಳಬೇಕು?

ಮೂರನೇ ವರ್ಷಕ್ಕೆ ವಿಷಯ ಆಯ್ಕೆ ಮಾಡೋ ಮುಂಚೆ ವಿದ್ಯಾರ್ಥಿಗಳೂ ಪೋಷಕರೂ ಇಷ್ಟನ್ನು ಕೇಳಿ ತಿಳ್ಕೊಳ್ಳಿ:

- ನಿಮ್ಮ ಬ್ಯಾಚಿಗೆ ಯಾವ ಪಠ್ಯಕ್ರಮ, ಕೊನೆ ವರ್ಷಕ್ಕೆ ಯಾವ ವಿಷಯ ಇದೆ?
- ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್? ಪಿಸಿಆರ್, ಎಲೈಸಾ ಯಂತ್ರ ಕಾಲೇಜಲ್ಲಿ ಇಲ್ಲದಿದ್ದರೆ ಬೇರೆ ಲ್ಯಾಬಿಗೆ ಕರೆದೊಯ್ಯುತ್ತಾರಾ?
- ಪ್ರಾಜೆಕ್ಟ್ ಇದೆಯಾ? ಇದ್ದರೆ ಹಳೇ ಪ್ರಾಜೆಕ್ಟ್ ನಕಲು ಮಾಡೋದಾ, ಸ್ವಂತ ಕೆಲಸವಾ?
- ಪೂರ್ತಿ ಸೆಮಿಸ್ಟರ್‌ಗೆ ಪಾಠ ಮಾಡೋರು ಇದ್ದಾರಾ?

ಪ್ರಾಜೆಕ್ಟಿಗೆ ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲೂಕಿನ ಮಂಡಗದ್ದೆಯಲ್ಲಿ ಹಕ್ಕಿ ಗೂಡುಗಳ ಎಣಿಕೆ, ಮನೆ ತೋಟದಲ್ಲಿ ಎಲೆಚುಕ್ಕಿ ಹರಡೋ ರೀತಿ, ಊರಿನ ಅಪ್ಪೆ ಮರಗಳ ಪಟ್ಟಿ, ಇವೆಲ್ಲ ಪ್ರಾಜೆಕ್ಟೇ. ಸಾಗರ ತಾಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಕಾಲೇಜಿನ ಪತ್ರ ಹಿಡಿದು ಹೋಗಿ ಕೇಳೋದರಲ್ಲಿ ತಪ್ಪೇನಿಲ್ಲ.

ಮುಂದೇನು?

ಬಿಎಸ್ಸಿ ಮುಗಿದ ತಕ್ಷಣ ದೊಡ್ಡ ಸಂಬಳ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಸಾಮಾನ್ಯ ದಾರಿ ಎರಡು: ಬಿಎಡ್ ಮಾಡಿ ಶಿಕ್ಷಕರಾಗೋದು, ಇಲ್ಲವೇ ಎಂಎಸ್ಸಿ. ಕುವೆಂಪು ವಿವಿಯಲ್ಲೇ ಜೀವವಿಜ್ಞಾನದ ಹಲವು ಎಂಎಸ್ಸಿ ವಿಭಾಗಗಳಿವೆ. ಹೊರಗೆ ಹೋಗೋರಿಗೆ ಐಐಟಿಗಳ ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆ, ಬಯೋಟೆಕ್ ಎಂಎಸ್ಸಿಗೆ ಗ್ಯಾಟ್-ಬಿ, ಕೇಂದ್ರೀಯ ವಿವಿಗಳಿಗೆ ಸಿಯುಇಟಿ-ಪಿಜಿ ಇವೆ. ಜ್ಯಾಮ್ ಅನ್ನು ಕೊನೆ ವರ್ಷದಲ್ಲಿ ಇದ್ದಾಗಲೇ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ನಡೆಸೋ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಪದವಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಈ ಪರೀಕ್ಷೆಗಳಲ್ಲಿ ಮೂರನೇ ವರ್ಷದ ಪಠ್ಯದ ವಿಷಯವೂ ಬರುತ್ತೆ. ಕ್ವಶ್ಚನ್ ಬ್ಯಾಂಕ್ ಉರು ಹೊಡೆದು ಪಾಸಾದವರು ಸಿಕ್ಕಿಹಾಕಿಕೊಳ್ಳೋದು ಅಲ್ಲಿ.

ಎಲ್ಲರೂ ವಿಜ್ಞಾನಿ ಆಗಲ್ಲ, ಆಗಬೇಕಾಗೂ ಇಲ್ಲ. ಆದರೆ ಪಕ್ಕದ ಮನೆಯವರು ರಕ್ತ ಪರೀಕ್ಷೆ ರಿಪೋರ್ಟ್ ಹಿಡಿದು ಬಂದಾಗ, ಅಪ್ಪ ಔಷಧಿ ಡಬ್ಬಿ ತಂದು ತೋಟಕ್ಕೆ ಹೊರಟಾಗ, "ಒಂದ್ನಿಮಿಷ, ಇದು ಏನು ಅಂತ ನೋಡೋಣ" ಅನ್ನೋಕೆ ಬರುವ ಮಗನೋ ಮಗಳೋ ಮನೆಯಲ್ಲಿದ್ದರೆ ಅದು ಸಣ್ಣ ವಿಷಯ ಅಲ್ಲ. "ಬಿಎಸ್ಸಿ ಮಾಡಿ ಏನ್ ಮಾಡ್ತೀಯಾ" ಅಂತ ಮುಂದಿನ ಸಲ ಯಾರಾದ್ರೂ ಕೇಳಿದರೆ ಇದನ್ನೇ ಹೇಳಬಹುದು.