ಒಂದು ನುಕ್ತೆಯ ಬೆಲೆ

ಉರ್ದುವಿನಲ್ಲಿ ಮೇಲಿನ ನುಕ್ತೆ ಕೆಳಗೆ ಬಂದರೆ ‘ಖುದಾ’ ಹೋಗಿ ‘ಜುದಾ’ ಆಗುತ್ತದೆ, ಅಂದರೆ ಬೇರೆಯಾದದ್ದು. ಅರಬಿ ಹಸ್ತಪ್ರತಿಗಳಲ್ಲೂ ಇದೇ ಕಷ್ಟ.

ಹನಫಿಗಳಾದ ನಮ್ಮ ಮನೆಯವರು ಅಕೀದಾದಲ್ಲಿ ಅನುಸರಿಸುವುದು ಸಮರ್‌ಕಂದ್‌ನ ಇಮಾಮ್ ಮಾತುರೀದಿಯವರನ್ನು (ನಿಧನ 944). ಅವರ ‘ಕಿತಾಬುತ್ ತೌಹೀದ್’ ಉಳಿದಿರುವುದು ಒಂದೇ ಹಸ್ತಪ್ರತಿಯಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಅದೂ ನಂತರ ಯಾರೋ ನಕಲು ಮಾಡಿದ್ದು. ನುಕ್ತೆ ತಪ್ಪಿದ್ದರೆ ಹೋಲಿಸಲು ಇನ್ನೊಂದು ಪ್ರತಿಯಿಲ್ಲ.

1970ರಲ್ಲಿ ಫತ್‌ಹುಲ್ಲಾ ಖುಲೈಫ್ ಬೈರೂತ್‌ನಲ್ಲಿ ಅದನ್ನು ಪ್ರಕಟಿಸಿದರು. 2003ರಲ್ಲಿ ಅಂಕಾರಾದಲ್ಲಿ ಇನ್ನಿಬ್ಬರು ವಿದ್ವಾಂಸರು ಮತ್ತೆ ಸಂಪಾದಿಸಿದರು. ಸಂಪಾದಕರು ಪದ ತಿದ್ದಿದರೆ, ಪ್ರತಿಯಲ್ಲಿದ್ದದ್ದನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಇಲ್ಲವಾದರೆ ಇಮಾಮರ ಮಾತು ಯಾವುದು, ಸಂಪಾದಕರ ಊಹೆ ಯಾವುದು ಎಂದು ತಿಳಿಯುವುದಿಲ್ಲ.

ನಾನು ಲೆಜರ್‌ನಲ್ಲಿ ವೈಟ್‌ನರ್ ಹಚ್ಚಿದಾಗ ನಮ್ಮ ಸರ್ ಹೇಳಿದ್ದೂ ಇದನ್ನೇ: ತಪ್ಪಿನ ಮೇಲೆ ಗೆರೆ ಎಳೆ, ಅಳಿಸಬೇಡ.