ಬಸ್ಸಿಗೆ ಬಾಗಿಲುಂಟು, ಚಿಲಕವಿಲ್ಲ!

ಶಿವಮೊಗ್ಗ: ಮನೆ ಬಾಗಿಲು ಹಾಕದೆ ಮಲಗುವ ಗೃಹಸ್ಥ ಈ ಊರಲ್ಲಿ ಸಿಗಲಾರ. ಅಂಗಡಿಯ ಷಟರ್ ಎಳೆದು, ಬೀಗ ಜಡಿದು, ಆ ಬೀಗವನ್ನು ಮೂರು ಸಲ ಜಗ್ಗಿ ನೋಡಿಯೇ ಸಾಹುಕಾರರು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಾರೆ. ಅಲ್ಲಿ ಹತ್ತುವ ಬಸ್ಸಿನ ಬಾಗಿಲನ್ನು ಮಾತ್ರ ಯಾರೂ ಜಗ್ಗಿ ನೋಡುವುದಿಲ್ಲ. ಜಗ್ಗಿದರೆ ಕೈಗೇ ಬಂದೀತೆಂಬ ಭಯವೋ ಏನೋ!

ಹಳೇ ಬಸ್ಸುಗಳ ಬಾಗಿಲಿನ ಪಾಡು ನೋಡುವಂತಿದೆ. ಒಂದಕ್ಕೆ ಚಿಲಕದ ಬದಲು ನೈಲಾನ್ ಹಗ್ಗ. ಇನ್ನೊಂದನ್ನು ಕಿಟಕಿಯ ಸರಳಿಗೆ ಸೇರಿಸಿ ಸೈಕಲ್ ಟ್ಯೂಬಿನಿಂದ ಬಿಗಿದು ಸದಾಕಾಲ ತೆರೆದೇ ಇಡಲಾಗಿದೆ. ಮತ್ತೊಂದಕ್ಕೆ ಬಾಗಿಲು ಇತ್ತೆಂಬ ಗುರುತಿಗೆ ಎರಡು ಹಿಂಜು ಮಾತ್ರ ಉಳಿದಿವೆ. ಎಂಜಿನ್ ಕೆಟ್ಟರೆ ಬಸ್ಸು ನಿಲ್ಲುತ್ತದೆ. ಟೈರ್ ಸಿಡಿದರೆ ನಿಲ್ಲುತ್ತದೆ. ಬಾಗಿಲು ಕೆಟ್ಟರೆ ಬಸ್ಸು ನಿಲ್ಲುವುದಿಲ್ಲ. ಟ್ರಿಪ್ಪೂ ತಪ್ಪುವುದಿಲ್ಲ, ಕಲೆಕ್ಷನ್ನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಅದರ ರಿಪೇರಿ ನಾಳೆಗೆ, ನಾಡಿದ್ದಿಗೆ, ಕೊನೆಗೆ ಯಾರಾದರೂ ಬೀಳುವ ದಿನಕ್ಕೆ ಹೋಗಿ ನಿಲ್ಲುತ್ತದೆ.

ಎಫ್.ಸಿ. ಬಾಗಿಲು

ಕಾನೂನಿಗೇನೂ ಬರವಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 123ನೇ ಕಲಂ ಪ್ರಕಾರ ಫುಟ್‌ಬೋರ್ಡಿನ ಮೇಲೆ ಜನರನ್ನು ನಿಲ್ಲಿಸಿಕೊಂಡು ಹೋಗುವುದೂ ತಪ್ಪು, ನಿಂತು ಹೋಗುವುದೂ ತಪ್ಪು. ಅದೇ ಕಾಯಿದೆಯ 56ನೇ ಕಲಂ ಪ್ರಕಾರ ಬಾಡಿಗೆಗೆ ಓಡುವ ಪ್ರತಿ ವಾಹನಕ್ಕೂ ಎಫ್.ಸಿ. ಬೇಕು. 2018ರ ತಿದ್ದುಪಡಿಯಾದ ಮೇಲೆ ಎಂಟು ವರ್ಷ ದಾಟಿದ ಗಾಡಿ ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಅದಕ್ಕಿಂತ ಹೊಸದಾದರೆ ಎರಡು ವರ್ಷಕ್ಕೊಮ್ಮೆ.

ಆ ದಿನ ಕೆಲವು ಬಸ್ಸುಗಳ ಬಾಗಿಲು ಮದುವೆ ಗಂಡಿನಂತೆ ಮಿಂಚುತ್ತದೆ. ಬಣ್ಣವೇನು, ಹೊಸ ಚಿಲಕವೇನು! ಗ್ಯಾರೇಜಿನವರು ಇದಕ್ಕೆ ತಮಾಷೆಗೆ "ಎಫ್.ಸಿ. ಬಾಗಿಲು" ಎನ್ನುವುದುಂಟು. ತುಕ್ಕು ಹಿಡಿದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದರೆ ಒಂದು ದಿನದ ಮಟ್ಟಿಗೆ ಬಾಗಿಲು ಹೊಸದೇ. ಎರಡು ಮಳೆ ಬಿದ್ದರೆ ಪುಟ್ಟಿ ಉದುರಿ ಹಳೇ ತೂತು ಹಲ್ಲು ಕಿರಿಯುತ್ತದೆ.

ಬಾಗಿಲು ಯಾಕೆ ಜೋತು ಬೀಳುತ್ತದೆ?

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿದ ಕಾಲಕ್ಕೆ ಬಸ್ಸಿನ ಬಾಡಿ ಎಂದರೆ ಹೆಚ್ಚಾಗಿ ಬಡಗಿಯ ಕೆಲಸ. ಮರದ ಫ್ರೇಮು, ಮೇಲೆ ತಗಡಿನ ಹೊದಿಕೆ. ಬರಬರುತ್ತಾ ಕಬ್ಬಿಣದ ಆಂಗಲ್, ಪೈಪು, ಅಲ್ಯುಮಿನಿಯಂ ಷೀಟು ಬಂದವು. ಫ್ರೇಮು ಯಾವುದೇ ಇರಲಿ, ಬಾಗಿಲು ಕೆಡುವ ದಾರಿ ಎರಡೇ. ಒಂದು ಭಾರ, ಇನ್ನೊಂದು ನೀರು.

ಭಾರದ ಕಥೆ ಹೀಗೆ. ಇಡೀ ಬಾಗಿಲು ಎರಡೋ ಮೂರೋ ಹಿಂಜಿನ ಮೇಲೆ ನೇತಾಡುತ್ತದೆ. ಅದನ್ನೇ ಹಿಡಿದು ಜನ ಹತ್ತುತ್ತಾರೆ, ಹುಡುಗರು ಜೋತು ಬೀಳುತ್ತಾರೆ. ಕ್ಲೀನರ್ ಕೈಯಲ್ಲಿ ಡಬ್ ಡಬ್ ಎಂದು ಬಡಿದು "ರೈಟ್ ರೈಟ್" ಎನ್ನುವುದೂ ಇದೇ ಬಾಗಿಲಿಗೆ. ಕಾಲಕ್ರಮೇಣ ಹಿಂಜಿನ ಪಿನ್ನು ಸವೆದು, ಗುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಾಗಿಲು ಒಂದು ಬೆರಳಿನಷ್ಟು ಕೆಳಗಿಳಿದರೂ ಸಾಕು, ಚಿಲಕ ತನ್ನ ಗೂಡಿಗೆ ಕೂರುವುದಿಲ್ಲ. ಆಗ ಚಿಲಕವನ್ನು ಬೈದು ಸುತ್ತಿಗೆಯಲ್ಲಿ ಬಡಿಯುತ್ತಾರೆ. ತಪ್ಪು ಹಿಂಜಿನದು, ಏಟು ಚಿಲಕಕ್ಕೆ.

ನೀರಿನ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಆ ಘಾಟಿ ಹತ್ತಿಳಿಯುವ ಬಸ್ಸಿನ ಬಾಗಿಲಿಗೆ ಗಾಜಿನ ಸಂದಿಯಿಂದ ನೀರು ಇಳಿದೇ ಇಳಿಯುತ್ತದೆ. ಇಳಿದ ನೀರು ಹೊರಗೆ ಹೋಗಲೆಂದೇ ಬಾಗಿಲಿನ ಅಡಿಯಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಕೆಸರು, ಬಣ್ಣ, ಪುಟ್ಟಿ ಸೇರಿ ಆ ತೂತು ಮುಚ್ಚಿದರೆ ನೀರು ಒಳಗೇ ನಿಂತಿತು. ಆಮೇಲೆ ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಹೊರಗಡೆ ಬಣ್ಣ ಗುಳ್ಳೆ ಎದ್ದಿತೆಂದರೆ ಒಳಗಿನ ತಗಡು ಆಗಲೇ ಹಪ್ಪಳವಾಗಿದೆ ಎಂದು ತಿಳಿಯಬೇಕು. ಮರದ ಫ್ರೇಮಾದರೆ ಕೆಳಗಿನ ಪಟ್ಟಿ ಕೊಳೆಯುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ.

ಇನ್ನೊಂದು ಗುಟ್ಟು. ಅಲ್ಯುಮಿನಿಯಂ ಷೀಟಿಗೆ ಕಬ್ಬಿಣದ ಸ್ಕ್ರೂ ಹೊಡೆದು ನೀರು ತಾಗಲು ಬಿಟ್ಟರೆ ಅವೆರಡಕ್ಕೂ ಆಗಿಬರುವುದಿಲ್ಲ. ಸ್ಕ್ರೂ ಸುತ್ತ ಬಿಳಿ ಪುಡಿ ಏಳುತ್ತದೆ, ತೂತು ಅಗಲವಾಗುತ್ತದೆ, ಷೀಟು ಗಡಗಡ ಎನ್ನುತ್ತದೆ. ನಡುವೆ ಬಣ್ಣದ ಪದರವೋ ರಬ್ಬರ್ ವಾಷರೋ ಇದ್ದರೆ ಈ ಜಗಳವಿಲ್ಲ. ಅಲ್ಯುಮಿನಿಯಂಗೆ ಅಲ್ಯುಮಿನಿಯಂ ರಿವೆಟ್ಟೇ ಸರಿ.

ರಿಪೇರಿಯೋ, ಹೊಸದೋ?

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಜಾಗದಲ್ಲಿ ಟಿಂಕರ್ ಕೆಲಸ ಕಲಿತ ಯಾವ ಮೇಸ್ತ್ರಿಯಾದರೂ ಮೊದಲು ಮಾಡುವ ಪರೀಕ್ಷೆ ಸುಲಭದ್ದು. ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಬೇಕು. ಲೊಟಕ್ ಎಂದು ಮೇಲೆ ಬಂತೋ, ಪಿನ್ನು ಇಲ್ಲವೇ ಬುಷ್ ಸವೆದಿದೆ. ಆಡದೆ ಗಟ್ಟಿಯಾಗಿದ್ದೂ ಚಿಲಕ ಕೂರದಿದ್ದರೆ ಬಾಗಿಲನ್ನು ಬಿಟ್ಟು ಅದು ನಿಂತಿರುವ ಪಿಲ್ಲರ್ ನೋಡಬೇಕು. ಪಿಲ್ಲರ್ ಬುಡ ತುಕ್ಕು ತಿಂದಿದ್ದರೆ ಹತ್ತು ಹೊಸ ಬಾಗಿಲು ತಂದರೂ ವ್ಯರ್ಥ. ಗೋಡೆಯೇ ಕುಸಿದ ಮನೆಗೆ ತೇಗದ ಬಾಗಿಲು ಹಾಕಿದಂತೆ.

ಫ್ರೇಮಿನ ಮೂರು ಕಡೆ ಗಟ್ಟಿಯಿದ್ದು ಅಡಿಭಾಗ ಮಾತ್ರ ಹೋಗಿದ್ದರೆ ರಿಪೇರಿಯೇ ಸರಿ. ಕೆಟ್ಟದ್ದನ್ನೆಲ್ಲ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ. ವೆಲ್ಡಿಂಗ್ ಮುಟ್ಟಿಸುವ ಮುಂಚೆ ಬ್ಯಾಟರಿ ವೈರ್ ಕಳಚಬೇಕು, ಹತ್ತಿರದ ರಬ್ಬರ್ ಮ್ಯಾಟು, ಸೀಟು ತೆಗೆಯಬೇಕು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಬೇಕು. ತುಂಡು ಕೂರಿಸಿದ ಮೇಲೆ ಒಳಗೂ ಹೊರಗೂ ರೆಡ್ ಆಕ್ಸೈಡ್. ಅಡಿಯ ನೀರಿನ ತೂತು ಮತ್ತೆ ಕೊರೆಯಲು ಮರೆತರೆ ಮಾಡಿದ್ದೆಲ್ಲ ಹೊಳೆಗೆ ಹೋಯಿತು.

ಅಡಿಪಟ್ಟಿಯೂ ಹೋಗಿ, ಹಿಂಜು ಕೂರುವ ಪಟ್ಟಿಯೂ ಹೋಗಿದ್ದರೆ ತೇಪೆ ಹಚ್ಚಬಾರದು. ಹೊಸ ಬಾಗಿಲೇ ಆಗಬೇಕು. ಇಲ್ಲೇ ಅನೇಕರು ಎಡವುವುದು. ಹಳೇ ಬಾಗಿಲನ್ನು ನೆಲಕ್ಕೆ ಹಾಸಿ ಅದರ ಅಳತೆಯಲ್ಲೇ ಹೊಸದನ್ನು ಮಾಡುತ್ತಾರೆ. ಹಳೇದು ಸೊಟ್ಟಗಿದ್ದರೆ ಹೊಸದೂ ಸೊಟ್ಟಗೇ ಹುಟ್ಟಿತು! ಅಳತೆ ತೆಗೆಯಬೇಕಾದ್ದು ಬಸ್ಸಿನ ಬಾಯಿಯಿಂದ. ಚೌಕಟ್ಟಿನ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಒಂದು ದಾರ, ಇನ್ನೆರಡು ಮೂಲೆಗೆ ಇನ್ನೊಂದು ದಾರ. ನೇರ ಚೌಕಟ್ಟಾದರೆ ಎರಡೂ ದಾರ ಸಮ ಬರಬೇಕು. ಬರದಿದ್ದರೆ ಮೊದಲು ಚೌಕಟ್ಟನ್ನು ಸರಿಮಾಡಿ, ಆಮೇಲೆ ಬಾಗಿಲಿನ ಮಾತು.

ಗುಜರಿಯಲ್ಲಿ ಸಿಗುವ ಬಾಗಿಲು ಅಗ್ಗವೆಂದು ಹೊತ್ತು ತರುವವರೂ ಇದ್ದಾರೆ. ಕೈಯಲ್ಲಿ ಕಟ್ಟಿದ ಬಾಡಿಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಅರ್ಧ ಇಂಚಾದರೂ ವ್ಯತ್ಯಾಸ ಬರುವುದು ಮಾಮೂಲು. ಅರ್ಧ ಇಂಚು ಕೊಯ್ದು, ಬಡಿದು, ಬೆಸೆದು ಕೂರಿಸುವ ಕೂಲಿ ಲೆಕ್ಕ ಹಾಕಿದರೆ ಅಗ್ಗದ ಮಾಲು ದುಬಾರಿಯೇ.

ಕೂರಿಸುವ ಕೈ

ಬಾಗಿಲು ತೂಗುಹಾಕುವಾಗ ಎಲ್ಲ ಹಿಂಜುಗಳೂ ಒಂದೇ ನೇರದಲ್ಲಿರಬೇಕು. ಒಂದು ಕೂದಲೆಳೆ ಆಚೀಚೆಯಾದರೂ ಇಡೀ ಭಾರ ಒಂದೇ ಹಿಂಜಿಗೆ ಬಿದ್ದು ಆರು ತಿಂಗಳಲ್ಲಿ ಹಳೇ ಕಥೆ. ಅಡಿಗೆ ಮರದ ತುಂಡು ಕೊಟ್ಟು ಬಾಗಿಲನ್ನು ಎತ್ತಿ ನಿಲ್ಲಿಸಿ, ಸುತ್ತ ಸಮನಾದ ಸಂದಿ ಬಿಟ್ಟು, ಆಮೇಲೆ ಬೋಲ್ಟು ಬಿಗಿಯಬೇಕು. ಬಣ್ಣಕ್ಕೂ ರಬ್ಬರಿಗೂ ಜಾಗ ಬೇಕಲ್ಲ? ಚಿಲಕ ಕೊನೆಯ ಕೆಲಸ. ಮೊದಲೇ ಚಿಲಕ ಜಡಿದು ಅದಕ್ಕೆ ತಕ್ಕಂತೆ ಬಾಗಿಲು ಬಗ್ಗಿಸುವುದು ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದಂತೆ.

ರಬ್ಬರ್ ದಪ್ಪ ಇದ್ದಷ್ಟೂ ಒಳ್ಳೇದು ಎಂಬ ನಂಬಿಕೆಯೂ ತಪ್ಪು. ದಪ್ಪ ರಬ್ಬರ್ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಕಬೇಕಾದರೆ ಭೀಮಬಲ ಬೇಕು. ಎರಡು ದಿನ ಹೆಣಗಿದ ಕಂಡಕ್ಟರ್ ಮೂರನೇ ದಿನ ಹಗ್ಗ ಕಟ್ಟಿ ತೆರೆದೇ ಬಿಡುತ್ತಾನೆ. ಒಂದು ಕೈಯಲ್ಲಿ ಎಳೆದರೆ ಕೂರುವಂತಿದ್ದರೆ ಮಾತ್ರ ಬಾಗಿಲು ಉಪಯೋಗಕ್ಕೆ ಬರುತ್ತದೆ.

ಹಾಕುವುದಷ್ಟೇ ಅಲ್ಲ, ತೆರೆಯುವುದೂ ಮುಖ್ಯ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಬಡಿದು ಹೊತ್ತಿಕೊಂಡು 45 ಜನ ಸತ್ತರು. ಎರಡೇ ವಾರಕ್ಕೆ, ನವೆಂಬರ್ 14ರಂದು, ನಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲೇ ಇನ್ನೊಂದು ಬಸ್ಸು ಬೆಂಕಿಗೆ ಸಿಕ್ಕಿ 7 ಜನ ಹೋದರು. ಬೆಂಕಿ ಬಿದ್ದ ಬಸ್ಸಿನಲ್ಲಿ ಸಿಗುವುದು ಕೆಲವೇ ಕ್ಷಣ. ಆ ಹೊತ್ತಿನಲ್ಲಿ ಚಿಲಕ ಹುಡುಕುತ್ತಾ ಕೂರಲಾದೀತೇ? ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆರೆಯಬೇಕು. ತುರ್ತು ಬಾಗಿಲಿಗೆ ಅಡ್ಡಲಾಗಿ ಸೀಟು ಹಾಕಿದ್ದರೆ, ಬಣ್ಣ ಮೆತ್ತಿ ಅಂಟಿಸಿದ್ದರೆ, ತಂತಿ ಸುತ್ತಿದ್ದರೆ ಅದು ಬಾಗಿಲಲ್ಲ, ಗೋಡೆ. ವಾರಕ್ಕೊಮ್ಮೆ ತೆರೆದು ಹಾಕಿ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಾಕು. ಗಾಳಿ ಒತ್ತಡದಿಂದ ತೆರೆಯುವ ಹೊಸ ಕಾಲದ ಬಾಗಿಲಾದರೆ, ಗಾಳಿ ಬಿಟ್ಟು ಕೈಯಲ್ಲಿ ತಳ್ಳುವ ತುರ್ತು ಗುಂಡಿ ಎಲ್ಲಿದೆ ಎಂಬುದು ಡ್ರೈವರಿಗಷ್ಟೇ ಅಲ್ಲ, ಪ್ರಯಾಣಿಕರಿಗೂ ಗೊತ್ತಿರಬೇಕು.

ಯಾರ ತಪ್ಪು?

ಮಾಲೀಕರನ್ನು ಕೇಳಿದರೆ ಟೈಮಿಂಗ್ಸ್ ಸಮಸ್ಯೆ ಹೇಳುತ್ತಾರೆ. ಒಂದು ದಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಆ ದಿನದ ಕಲೆಕ್ಷನ್ ಹೋಯಿತು, ಹಿಂದಿನ ಗಾಡಿಯವನಿಗೆ ಲಾಭವಾಯಿತು ಎಂಬುದು ಅವರ ಸಂಕಟ. ಅದು ಸುಳ್ಳಲ್ಲ. ಮಲೆನಾಡಿನಲ್ಲಿ ಬಸ್ಸು ಓಡಿಸುವುದು ಹೂವಿನ ಹಾಸಿಗೆಯಲ್ಲ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯಂಥ ಸಂಸ್ಥೆಯೇ 2020ರಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಆದರೆ ಪಿನ್ನು, ಬುಷ್, ರಬ್ಬರ್, ಕೂಲಿ ಎಲ್ಲ ಸೇರಿದರೂ ಸಣ್ಣ ರಿಪೇರಿಗೆ ಬಸ್ಸಿನ ಒಂದು ದಿನದ ಡೀಸೆಲ್ ದುಡ್ಡು ಆಗುವುದಿಲ್ಲ. ರಾತ್ರಿ ಹಾಲ್ಟ್ ಆದ ಊರಲ್ಲೇ ಮುಗಿಯುವ ಕೆಲಸ. ಬಿಟ್ಟರೆ ಅದೇ ಬೆಳೆದು ಪಿಲ್ಲರ್ ತನಕ ಹೋಗುತ್ತದೆ.

ಕಂಡಕ್ಟರ್ ಬಳಗದ ಮಾತು ಬೇರೆ. ಸ್ಟಾಪ್ ಸ್ಟಾಪಿಗೂ ಬಾಗಿಲು ತೆಗೆದು ಹಾಕುತ್ತಾ ನಿಂತರೆ ಟೈಮ್ ಕೀಪ್ ಆಗಲ್ಲ ಸಾರ್ ಎನ್ನುತ್ತಾರೆ. ಬಾಗಿಲು ಇಲ್ಲದಿದ್ದಾಗ ಮೊದಲು ರಸ್ತೆಗೆ ಬೀಳುವವರಲ್ಲಿ ಬಾಗಿಲಲ್ಲೇ ನಿಲ್ಲುವ ಕಂಡಕ್ಟರ್, ಕ್ಲೀನರ್ ಕೂಡ ಇದ್ದಾರೆಂಬುದನ್ನು ಅವರು ಮರೆಯಬಾರದು.

ಪ್ರಯಾಣಿಕರೇನು ಸಾಚಾಗಳೇ? ಒಳಗೆ ಜಾಗವಿದ್ದರೂ ಬಾಗಿಲಲ್ಲೇ ಗಾಳಿ ತಗೊಳ್ಳುವ ಕಾಲೇಜು ಹುಡುಗರು ಎಷ್ಟಿಲ್ಲ! "ಒಳಗ್ ಬನ್ರಿ, ಒಳಗ್ ಬನ್ರಿ" ಎಂದು ಕೂಗಿ ಕೂಗಿ ಕಂಡಕ್ಟರ ಗಂಟಲು ಒಣಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ಬಾಗಿಲಿಗೂ ಕೆಲಸ ಹೆಚ್ಚಾಗಿದೆ. ರಶ್ ಇದ್ದಾಗ ಬಾಗಿಲಿಗೆ ಒರಗಿ ನಿಲ್ಲುವುದೆಂದರೆ ಚಿಲಕವೊಂದನ್ನು ನಂಬಿ ಜೀವ ಇಡುವುದು.

ಅಂಗಡಿಯವರ ಪಾಲೂ ಇದೆ. ಎಣ್ಣೆ ಟಿನ್ನು, ಬಾಳೆಗೊನೆ, ಬಟ್ಟೆಯ ಬೇಲು ಎಲ್ಲವೂ ಬಾಗಿಲಿನಿಂದಲೇ ಒಳಗೆ ನುಗ್ಗಬೇಕು. ಟಿನ್ನಿನ ಮೂಲೆ ಬಡಿದು ಮೆಟ್ಟಿಲಿನ ತಗಡು ಸೀಳುತ್ತದೆ, ರಬ್ಬರ್ ಕಿತ್ತು ಬರುತ್ತದೆ. ಕೊನೆಗೆ ಪಾರ್ಸಲ್ಲು ಬಾಗಿಲ ಬುಡದಲ್ಲೇ ಕೂತು, ಬಾಗಿಲು ಹಾಕಲಾಗದೆ ಬಸ್ಸು ಹೊರಡುತ್ತದೆ. ಲಗೇಜು ಡಿಕ್ಕಿಗೆ ಹೋಗಲಿ ಎಂದು ಸಾಹುಕಾರರು ಒಂದು ಮಾತು ಹೇಳಿದರೆ ಬಾಗಿಲೂ ಉಳಿದೀತು, ಮಾಲೂ ಉಳಿದೀತು.

ಮೇ ತಿಂಗಳೇ ಸರಿ

ಜೂನ್ ಬಂತೆಂದರೆ ಮಳೆಯೂ ಬಂತು, ಶಾಲೆ ಮಕ್ಕಳ ಗುಂಪೂ ಬಂತು. ಒದ್ದೆ ಫುಟ್‌ಬೋರ್ಡು, ಬೆನ್ನಿಗೆ ಭಾರದ ಚೀಲ, ಹಗ್ಗ ಕಟ್ಟಿದ ಬಾಗಿಲು, ಎದುರಿಗೆ ಘಾಟಿಯ ತಿರುವು. ಇವು ನಾಲ್ಕೂ ಒಟ್ಟಿಗೆ ಸೇರುವ ಮುಂಚೆ, ಬಿಸಿಲು ಇರುವಾಗಲೇ ಬಾಗಿಲಿನ ಕೆಲಸ ಮುಗಿಯಬೇಕು. ಬಣ್ಣ ಒಣಗಲೂ ಬಿಸಿಲೇ ಬೇಕು.

ಮಾಲೀಕರು ವರ್ಷಕ್ಕೊಂದು ದಿನ ಬಾಗಿಲಿಗಾಗಿ ಗಾಡಿ ನಿಲ್ಲಿಸಲಿ. ಸಾರಿಗೆ ಇಲಾಖೆಯವರು ಎಫ್.ಸಿ. ದಿನ ಬಾಗಿಲಿನ ಬಣ್ಣ ನೋಡುವ ಬದಲು ತುದಿ ಹಿಡಿದು ಒಮ್ಮೆ ಮೇಲಕ್ಕೆತ್ತಿ ನೋಡಲಿ. ಎಫ್.ಸಿ. ಮುಗಿದ ಎರಡು ತಿಂಗಳಿಗೆ ಬಸ್ ಸ್ಟ್ಯಾಂಡಿಗೇ ಬಂದು ಇನ್ನೊಮ್ಮೆ ಎತ್ತಿ ನೋಡಿದರೆ ಇನ್ನೂ ಒಳ್ಳೇದು. ಅಂಗಡಿ ಬೀಗವನ್ನು ಮೂರು ಸಲ ಜಗ್ಗುವ ಸಾಹುಕಾರರೂ, ದಿನಾ ಪಾಸು ತೋರಿಸುವ ನೌಕರರೂ ಬಾಗಿಲು ಹಾಕದೆ ಹೊರಟ ಬಸ್ಸಿನಲ್ಲಿ "ಬಾಗ್ಲು ಹಾಕ್ರೀ" ಎಂದು ಬಾಯಿಬಿಟ್ಟು ಕೇಳಲಿ. ಟಿಕೆಟ್ ದುಡ್ಡಿನಲ್ಲಿ ಬಾಗಿಲಿನ ಬಾಡಿಗೆಯೂ ಸೇರಿದೆ.