ಸ್ತಬ್ಧಗೊಂಡ ಲಿನಕ್ಸ್ ಗಣಕ: ವಿದ್ಯುತ್ ಗುಂಡಿ ಒತ್ತುವ ಮುನ್ನ

ಲೆಕ್ಕಪತ್ರ, ದಾಸ್ತಾನು ಹಾಗೂ ಬಿಲ್ಲುಗಳ ದತ್ತಾಂಶವನ್ನು ಲಿನಕ್ಸ್ ಸರ್ವರ್‌ನಲ್ಲಿ ಇರಿಸುವ ಉದ್ದಿಮೆಗಳುಂಟು. ಪರವಾನಗಿ ಶುಲ್ಕದ ಹೊರೆಯಿಲ್ಲದಿರುವುದು ಇದಕ್ಕೊಂದು ಕಾರಣ. ಇಂತಹ ಗಣಕವು ಸ್ತಬ್ಧಗೊಂಡು, ಕೀಲಿಮಣೆಗೂ ಮೌಸಿಗೂ ಸ್ಪಂದಿಸದಿದ್ದಾಗ ಸಿಬ್ಬಂದಿಯ ಕೈ ಮೊದಲು ಹೋಗುವುದು ವಿದ್ಯುತ್ ಗುಂಡಿಗೆ. ನಷ್ಟ ಆರಂಭವಾಗುವುದೂ ಅಲ್ಲಿಯೇ.

ಗುಮಾಸ್ತರು 'ಸೇವ್' ಮಾಡಿದೊಡನೆ ನಮೂದು ಡಿಸ್ಕಿಗೆ ಸೇರಿತೆಂಬುದು ಪೂರ್ಣ ಸತ್ಯವಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ವೇಗಕ್ಕಾಗಿ ಬರಹವನ್ನು ಮೊದಲು ಸ್ಮೃತಿಯಲ್ಲಿ ಇರಿಸಿಕೊಂಡು, ಅನಂತರ ಒಟ್ಟಾಗಿ ಡಿಸ್ಕಿಗೆ ಇಳಿಸುತ್ತವೆ. ಲಿನಕ್ಸಿನ ಸಾಮಾನ್ಯ ಹೊಂದಾಣಿಕೆಯಲ್ಲಿ ಈ ವಿಳಂಬ ಸುಮಾರು 30 ಸೆಕೆಂಡು. ಕಚ್ಚಾ ಕಿರ್ದಿಯಿಂದ ಖಾತೆಗೆ ಏರಿಸುವ ಮೊದಲೇ ಕಿರ್ದಿ ಸುಟ್ಟುಹೋದರೆ ಒದಗುವ ಗತಿಯೇ ಇಲ್ಲಿಯೂ ಒದಗುತ್ತದೆ. ಉತ್ತಮ ಡೇಟಾಬೇಸ್ ತಂತ್ರಾಂಶಗಳು ಪ್ರತಿ ವ್ಯವಹಾರವನ್ನೂ ಡಿಸ್ಕಿಗೆ ಒತ್ತಾಯಪೂರ್ವಕ ಬರೆಸುತ್ತವೆ. ಸಾಧಾರಣ ಕಡತಗಳಿಗೆ ಆ ರಕ್ಷಣೆಯಿಲ್ಲ.

2001ರಲ್ಲಿ ಲಿನಕ್ಸಿನ ಮೂಲ ಕರ್ನೆಲ್‌ಗೆ ಸೇರಿದ ಇಎಕ್ಸ್‌ಟಿ3 ಹಾಗೂ ಅದರ ಉತ್ತರಾಧಿಕಾರಿ ಇಎಕ್ಸ್‌ಟಿ4 ಜರ್ನಲ್ ಪದ್ಧತಿಯವು. ಅವು ಕಡತವ್ಯವಸ್ಥೆಯ ಚೌಕಟ್ಟನ್ನು ಕಾಪಾಡುತ್ತವೆ. ಡಿಸ್ಕಿಗೆ ಇಳಿಯದ ನಮೂದನ್ನು ಮರಳಿ ಕೊಡಲಾರವು. ಜರ್ನಲ್ ಇದೆಯೆಂಬ ಧೈರ್ಯದಿಂದ ಗುಂಡಿ ಒತ್ತುವುದು ಅವಿವೇಕ.

ಅನೇಕ ವೇಳೆ ಸ್ತಬ್ಧವಾಗಿರುವುದು ಪರದೆ ಮಾತ್ರ. ಆದುದರಿಂದ ಬೇರೊಂದು ಗಣಕದಿಂದ ಜಾಲದ ಮೂಲಕ ಪ್ರವೇಶಿಸಿ, ಡೇಟಾಬೇಸನ್ನು ನಿಲ್ಲಿಸಿ, ಕ್ರಮಬದ್ಧ ಆದೇಶದಿಂದ ಮರುಚಾಲನೆ ಮಾಡುವುದು ಮೊದಲ ಮಾರ್ಗ. ಅದೂ ಸಾಧ್ಯವಾಗದಿದ್ದರೆ ಲಿನಕ್ಸಿನಲ್ಲೇ ಅಡಗಿರುವ 'ಮ್ಯಾಜಿಕ್ ಸಿಸ್‌ರಿಕ್ವೆಸ್ಟ್' ಕೀಲಿಯುಂಟು. ಬಹುತೇಕ ಕೀಲಿಮಣೆಗಳಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯೇ ಇದು. ಆಲ್ಟ್ ಜೊತೆಗೆ ಇದನ್ನು ಹಿಡಿದು ಆರ್, ಇ, ಐ, ಎಸ್, ಯು, ಬಿ ಅಕ್ಷರಗಳನ್ನು ಇದೇ ಕ್ರಮದಲ್ಲಿ, ನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಬೇಕು. 'ಆರ್' ಕೀಲಿಮಣೆಯ ಹಿಡಿತವನ್ನು ಮರಳಿ ಪಡೆಯುತ್ತದೆ. 'ಇ' ತಂತ್ರಾಂಶಗಳಿಗೆ ಕೆಲಸ ಮುಗಿಸಲು ಸೂಚಿಸುತ್ತದೆ. ಡೇಟಾಬೇಸ್ ಮುಚ್ಚಿಕೊಳ್ಳುವುದು ಈ ಹಂತದಲ್ಲಾದುದರಿಂದ ಇಲ್ಲಿ ಅವಸರ ಸಲ್ಲದು. 'ಐ' ಉಳಿದವನ್ನು ಬಲವಂತವಾಗಿ ನಿಲ್ಲಿಸುತ್ತದೆ. 'ಎಸ್' ಸ್ಮೃತಿಯಲ್ಲಿರುವ ಬರಹವನ್ನು ಡಿಸ್ಕಿಗೆ ಇಳಿಸುತ್ತದೆ, 'ಯು' ಡಿಸ್ಕನ್ನು ಓದಲು ಮಾತ್ರವೆಂಬ ಸ್ಥಿತಿಗೆ ತರುತ್ತದೆ. 'ಬಿ' ಏನನ್ನೂ ಉಳಿಸದೆ ತಕ್ಷಣ ಮರುಚಾಲನೆ ಮಾಡುವುದರಿಂದ ಅದು ಕೊನೆಯಲ್ಲಿಯೇ ಬರಬೇಕು.

ಈ ಸೌಲಭ್ಯ ಎಲ್ಲೆಡೆ ಪೂರ್ಣವಾಗಿ ತೆರೆದಿರುವುದಿಲ್ಲ. ಉಬುಂಟುವಿನ ಸಾಮಾನ್ಯ ಹೊಂದಾಣಿಕೆಯಲ್ಲಿ ಈ ಆರರ ಪೈಕಿ ಎಸ್, ಯು, ಬಿ ಮಾತ್ರ ನಡೆಯುತ್ತವೆ. ಪೂರ್ಣವಾಗಿ ತೆರೆದರೆ ಕೀಲಿಮಣೆಯ ಬಳಿ ಬರುವ ಯಾರೇ ಆಗಲಿ ಸರ್ವರನ್ನು ಕೆಡವಬಹುದಾದ್ದರಿಂದ, ಆ ಕೊಠಡಿಗೆ ಬೀಗವಿರಬೇಕು. ಕರ್ನೆಲ್ ಸಂಪೂರ್ಣ ಕುಸಿದಿದ್ದರೆ ಈ ಕೀಲಿಗಳೂ ನಿಷ್ಫಲ. ಆಗ ಗತಿ ಹಿಂದಿನ ರಾತ್ರಿಯ ಬ್ಯಾಕಪ್ ಒಂದೇ.

ಮರುಚಾಲನೆಯ ಬಳಿಕ ಹೊಸ ಬಿಲ್ಲು ಹಾಕುವ ಮೊದಲು, ಮುದ್ರಿತ ಬಿಲ್ಲುಗಳ ಕೊನೆಯ ಸಂಖ್ಯೆಯನ್ನು ಗಣಕದಲ್ಲಿರುವ ಕೊನೆಯ ಸಂಖ್ಯೆಯೊಡನೆ ತಾಳೆ ನೋಡತಕ್ಕದ್ದು.